ಪಾರ್ಶ್ವವಾಯು ಪೀಡಿತ ವೃದ್ಧರ ಆಹಾರ

ಬ್ಯಾಂಕಿನ ಲೆಕ್ಕಪತ್ರಗಳಲ್ಲಿ ಕಾಲ ಕಳೆಯುವ ನನಗೆ ವೈದ್ಯಶಾಸ್ತ್ರದಲ್ಲಿ ಅಧಿಕಾರವಿಲ್ಲ. ಆದರೆ ನಮ್ಮ ದೊಡ್ಡಪ್ಪನವರು ಪಾರ್ಶ್ವವಾಯುವಿಗೆ ತುತ್ತಾಗಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿದ್ದಾಗ ನಾನೆಸಗಿದ ತಪ್ಪೊಂದು ಈ ಲೇಖನಕ್ಕೆ ಕಾರಣ. ಬಾಯಿಗೆ ಏನನ್ನೂ ಕೊಡಬಾರದೆಂದು ದಾದಿ ಹೇಳಿಹೋಗಿದ್ದರೂ, ಅವರು ನೀರಿಗಾಗಿ ಸನ್ನೆ ಮಾಡಿದಾಗ ಮನಸ್ಸು ತಡೆಯದೆ ನಾಲ್ಕು ಚಮಚ ಎಳನೀರು ಕುಡಿಸಿದೆ. ಅವರು ಕೆಮ್ಮಲೂ ಇಲ್ಲ. ಮೂರನೆಯ ದಿನ ಜ್ವರ ಬಂದಿತು. ನ್ಯುಮೋನಿಯ ಎಂದರು ವೈದ್ಯರು. ಎಳನೀರೇ ಕಾರಣವೆಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಪಾರ್ಶ್ವವಾಯು ತಗುಲಿದ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ನುಂಗುವ ಶಕ್ತಿ ಕುಂದಿರುತ್ತದೆ. ತುತ್ತು ಗಂಟಲಿಗಿಳಿಯುವಾಗ ಶ್ವಾಸನಾಳದ ಬಾಯಿ ತಾನಾಗಿ ಮುಚ್ಚಿಕೊಳ್ಳಬೇಕು. ಮೆದುಳಿಗೆ ಪೆಟ್ಟಾದಾಗ ಈ ಕ್ರಿಯೆ ತಡವಾಗುತ್ತದೆ. ನೀರು, ಎಳನೀರು, ಮಜ್ಜಿಗೆಗಳಂತಹ ತೆಳು ದ್ರವಗಳು ಬೇಗ ಹರಿಯುವುದರಿಂದ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಅವುಗಳಲ್ಲಿಯೇ ಹೆಚ್ಚು. ಗಂಟಲಿನ ಸಂವೇದನೆಯೂ ಕುಂದಿದ್ದರೆ ಕೆಮ್ಮೂ ಬಾರದು. ಆದ್ದರಿಂದ ನುಂಗುವ ಶಕ್ತಿಯ ಪರೀಕ್ಷೆ ಆಗುವವರೆಗೆ ನೀರನ್ನಾಗಲಿ, ಮಾತ್ರೆಯನ್ನಾಗಲಿ ಬಾಯಿಗೆ ಹಾಕಕೂಡದು. ಒದ್ದೆ ಬಟ್ಟೆಯಿಂದ ತುಟಿ, ನಾಲಗೆಗಳನ್ನು ಒರೆಸಬಹುದೇ ಎಂದು ದಾದಿಯನ್ನು ಕೇಳಬಹುದಾಗಿತ್ತು. ಅಂದು ನನಗದು ತೋಚಲಿಲ್ಲ.

ಹಾಗೆಂದು ಉಪವಾಸವಿರಿಸುವುದೂ ಸಲ್ಲದು. ಸಲೈನ್ ಬಾಟಲಿಯೇ ಆಹಾರವೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಸಾಮಾನ್ಯ ಸಲೈನ್ ಬರಿಯ ಉಪ್ಪುನೀರು. ಅದರಲ್ಲಿ ಒಂದು ಕ್ಯಾಲೊರಿಯೂ ಇಲ್ಲ. 60 ಕಿಲೋ ತೂಕದ ವೃದ್ಧರಿಗೆ ದಿನಕ್ಕೆ ಸುಮಾರು 1,500ರಿಂದ 1,800 ಕ್ಯಾಲೊರಿ, 60 ಗ್ರಾಂನಷ್ಟು ಪ್ರೋಟೀನು ಬೇಕು. ಜಮೆಯಿಲ್ಲದೆ ಖರ್ಚು ನಡೆದರೆ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಹಾಸಿಗೆ ಹುಣ್ಣುಗಳಿಗೂ ದಾರಿಯಾಗುತ್ತದೆ. ಆದುದರಿಂದಲೇ ಮೂಗಿನ ಮೂಲಕ ಹೊಟ್ಟೆಗಿಳಿಸುವ ರೈಲ್ಸ್ ಟ್ಯೂಬ್. ಅದನ್ನು ಕಂಡೊಡನೆ ಎಲ್ಲವೂ ಮುಗಿಯಿತೆಂದು ನಮ್ಮ ದೊಡ್ಡಮ್ಮನವರು ಅತ್ತರು. ಆದರೆ ಅನೇಕರಿಗೆ ಕೆಲವೇ ವಾರಗಳಲ್ಲಿ ನುಂಗುವ ಶಕ್ತಿ ಮರಳುತ್ತದೆ. ನಳಿಕೆಯನ್ನು ಆಗ ತೆಗೆಯುತ್ತಾರೆ. ಹೊಟ್ಟೆಯ ಗೋಡೆಗೆ ರಂಧ್ರಮಾಡಿ ಇರಿಸುವ ನಳಿಕೆಗಿಂತ ಮೊದಲ ಎರಡು ಮೂರು ವಾರ ಮೂಗಿನ ನಳಿಕೆಯೇ ಮೇಲೆಂದು 2005ರಲ್ಲಿ ಪ್ರಕಟವಾದ ‘ಫುಡ್’ ಎಂಬ ಬಹುರಾಷ್ಟ್ರೀಯ ಅಧ್ಯಯನ ಸೂಚಿಸಿತು.

ಬಾಯಿಂದ ಉಣಿಸಲು ವೈದ್ಯರು ಅನುಮತಿಯಿತ್ತ ಮೇಲೂ ಅವಸರ ಕೂಡದು. ತೂಕಡಿಸುತ್ತಿರುವವರಿಗೆ ಉಣಿಸಬಾರದು. ನೆಟ್ಟಗೆ ಕುಳ್ಳಿರಿಸಿ, ಚಿಕ್ಕ ಚಮಚದಲ್ಲಿ, ಬಲವುಳ್ಳ ಪಕ್ಕದ ಬಾಯಿಗೆ ಕೊಡಬೇಕು. ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು. ಊಟವಾದ ಬಳಿಕ ಅರ್ಧ ಗಂಟೆ ಮಲಗಿಸಬಾರದು. ದೊಡ್ಡಪ್ಪನವರಿಗೆ ಹದಿನೆಂಟನೆಯ ದಿನ ಮೊದಲು ಕೊಟ್ಟದ್ದು ಗಂಟಿಲ್ಲದ ರಾಗಿ ಮಣ್ಣಿ, ಆರು ಚಮಚ. ಸೋತ ಎಡಗೆನ್ನೆಯೊಳಗೆ ಅದರಲ್ಲಿ ಒಂದು ಚಮಚದಷ್ಟು ಹಾಗೆಯೇ ಉಳಿದಿತ್ತು. ದಾದಿ ತೋರಿಸಿಕೊಟ್ಟ ಮೇಲೆ ದೊಡ್ಡಮ್ಮನವರು ಪ್ರತಿ ಊಟದ ನಂತರವೂ ಅವರ ಬಾಯಿ ತೆರೆಸಿ ನೋಡುತ್ತಿದ್ದರು.