ಮರಕ್ಕೆ ಗುರುತು ಹಾಕಲು ಬಂದ ಪೇಂಟ್‌ಬಾಲ್ ಮಾರ್ಕರ್

ಪೇಂಟ್‌ಬಾಲ್ ಮಾರ್ಕರ್ ಹುಟ್ಟಿದ್ದು ಆಟಕ್ಕಲ್ಲ, ಅರಣ್ಯ ಇಲಾಖೆಯ ಕೆಲಸಕ್ಕೆ. ಕಡಿಯಬೇಕಾದ ಮರಗಳನ್ನು ಗುರುತಿಸಲು ಅಮೆರಿಕದ ಅರಣ್ಯ ಸಿಬ್ಬಂದಿ ಬಣ್ಣ ಹಿಡಿದು ಒಂದೊಂದು ಮರದ ಬುಡಕ್ಕೂ ಹೋಗಬೇಕಿತ್ತು. ಹಳ್ಳವೋ ಮುಳ್ಳುಪೊದೆಯೋ ಅಡ್ಡ ಬಂದರೆ ಸುತ್ತುಬಳಸಿನ ದಾರಿಯೇ ಗತಿ. ಅವರಿಗೆ ಬಣ್ಣ ಪೂರೈಸುತ್ತಿದ್ದುದು ಮಿಷಿಗನ್ ರಾಜ್ಯದ ಐರನ್ ಮೌಂಟನ್ ಊರಿನ ನೆಲ್ಸನ್ ಪೇಂಟ್ ಕಂಪನಿ. 1960ರ ದಶಕದಲ್ಲಿ ಅದು ದೂರದಿಂದಲೇ ಗುರುತು ಹಾಕುವ ದಾರಿ ಹುಡುಕಿತು. ಔಷಧ ತುಂಬುವ ಜೆಲಟಿನ್ ಕ್ಯಾಪ್ಸೂಲ್‌ಗೆ ಹೆಸರಾದ ಆರ್.ಪಿ. ಶೆರರ್ ಕಂಪನಿಯ ನೆರವಿನಿಂದ ಬಣ್ಣ ತುಂಬಿದ ಉಂಡೆಗಳು ಸಿದ್ಧವಾದವು. ಮೀನೆಣ್ಣೆ ಗುಳಿಗೆಯನ್ನು ಗೋಲಿಯಷ್ಟು ದಪ್ಪ ಮಾಡಿದಂಥ ವಸ್ತು ಅದು. ಹಾರಿಸಲು ಕ್ರಾಸ್‌ಮನ್ ಕಂಪನಿ ಮಾಡಿಕೊಟ್ಟ ಮೊದಲ ಸಾಧನ ಅಷ್ಟಾಗಿ ನಡೆಯಲಿಲ್ಲ. ಆಟಿಕೆ ಏರ್‌ಗನ್‌ಗಳಿಗೆ ಹೆಸರಾದ ಡೈಸಿ ಕಂಪನಿ ತಯಾರಿಸಿದ, 1970ರ ದಶಕದಲ್ಲಿ ನೆಲ್‌ಸ್ಪಾಟ್ 007 ಹೆಸರಿನಲ್ಲಿ ಮಾರಾಟವಾದ ಪಿಸ್ತೂಲು ನಿಂತಿತು. ಅರಣ್ಯದವರಷ್ಟೇ ಅಲ್ಲ, ದನಗಳಿಗೆ ಗುರುತು ಹಾಕುವ ರೈತರೂ ಅದನ್ನು ಕೊಂಡರು.

ಆ ಪಿಸ್ತೂಲಿಗೆ ಶಕ್ತಿ ಬರುತ್ತಿದ್ದುದು 12 ಗ್ರಾಂ ಇಂಗಾಲದ ಡೈಆಕ್ಸೈಡ್ ಇರುವ ಪುಟ್ಟ ಕೊಳವೆಯಿಂದ. ಪ್ರತಿ ಹೊಡೆತಕ್ಕೂ ಬೋಲ್ಟನ್ನು ಕೈಯಿಂದ ಹಿಂದೆಳೆಯಬೇಕು. ಬಣ್ಣವೋ ಎಣ್ಣೆಯದು, ಮಳೆಗೆ ಹೋಗಬಾರದಲ್ಲ! ಬಟ್ಟೆಗೆ ಹತ್ತಿದರೆ ಟರ್ಪೆಂಟೈನ್‌ನಿಂದ ಉಜ್ಜಿಯೇ ತೆಗೆಯಬೇಕಿತ್ತು.

ಇದು ಆಟವಾಗಿದ್ದು ಒಂದು ವಾದದಿಂದ. ಪಟ್ಟಣದ ಚಾಲಾಕಿ ಮನುಷ್ಯ ಕಾಡಿನಲ್ಲಿ ಗೆಲ್ಲುತ್ತಾನೋ, ಕಾಡು ಬಲ್ಲವನು ಗೆಲ್ಲುತ್ತಾನೋ ಎಂದು ಷೇರು ದಲ್ಲಾಳಿ ಹೇಯ್ಸ್ ನೋಯೆಲ್ ಮತ್ತು ಲೇಖಕ ಚಾರ್ಲ್ಸ್ ಗೇನ್ಸ್ ವಾದಕ್ಕಿಳಿದಿದ್ದರು. ಇತ್ಯರ್ಥಕ್ಕೆ ನೆಲ್‌ಸ್ಪಾಟ್ ಸಿಕ್ಕಿತು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಬಳಿಯ ಕಾಡಿನಲ್ಲಿ 12 ಮಂದಿ ಧ್ವಜಗಳನ್ನು ಕಲೆಹಾಕುವ ಪಂದ್ಯ ಆಡಿದರು. ಗೆದ್ದವನು ರಿಚೀ ವೈಟ್ ಎಂಬ ಅರಣ್ಯ ಕೆಲಸಗಾರ, ಅದೂ ಒಂದು ಉಂಡೆಯನ್ನೂ ಹಾರಿಸದೆ. ನೋಯೆಲ್ ಮತ್ತು ಗೇನ್ಸ್ ಜೊತೆಗಾರ ಬಾಬ್ ಗರ್ನ್‌ಸಿ ಈ ಆಟವನ್ನು ವ್ಯಾಪಾರವಾಗಿ ಬೆಳೆಸಿದ. ಹತ್ತಾರು ಕಡೆ ಮೈದಾನಗಳು ತೆರೆದವು, ಎಣ್ಣೆಬಣ್ಣದ ಜಾಗಕ್ಕೆ ನೀರಿನಲ್ಲಿ ತೊಳೆದುಹೋಗುವ ಬಣ್ಣ ಬಂತು.

ಮುಂದಿನ ಬದಲಾವಣೆಗಳೆಲ್ಲ ಆಟಗಾರರ ಅವಸರದ ಫಲ. ಪುಟ್ಟ ಕೊಳವೆಯ ಬದಲು ದೊಡ್ಡ ಸಿಲಿಂಡರ್ ಬಂತು. ಮಾರ್ಕರ್‌ನ ನೆತ್ತಿಯ ಮೇಲೆ ಇನ್ನೂರರಷ್ಟು ಉಂಡೆ ಹಿಡಿಯುವ ಹಾಪರ್ ಕುಳಿತಿತು. ಕೈಯಿಂದ ಎಳೆಯುವ ಕೆಲಸವನ್ನು ಅನಿಲವೇ ವಹಿಸಿಕೊಂಡಿತು. ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನ ಟಿಪ್‌ಮನ್ ಕಂಪನಿ 1998ರಲ್ಲಿ ಹೊರತಂದ ಮಾಡೆಲ್ 98, ಬಾಡಿಗೆ ಮೈದಾನಗಳ ದುಡಿಯುವ ಎತ್ತಾಯಿತು. ಬ್ಯಾಟರಿ ಇಲ್ಲ, ಸರ್ಕ್ಯೂಟ್ ಇಲ್ಲ, ಬಿದ್ದರೂ ಎದ್ದರೂ ನಡೆಯುತ್ತದೆ. ಬೆಂಗಳೂರಿನ ಹೊರವಲಯದ ರೆಸಾರ್ಟ್‌ಗಳಲ್ಲಿ ಕಂಪನಿ ತಂಡಗಳ ಕೈಗೆ ಬರುವುದೂ ಸಾಮಾನ್ಯವಾಗಿ ಇಂಥ ಯಾಂತ್ರಿಕ ಮಾರ್ಕರ್‌ಗಳೇ.

ಒಳಗಿನ ಕೆಲಸ ಸರಳ. ಹಿಂದಿನ ಬೋಲ್ಟ್ ಸುತ್ತಿಗೆಯಾಗಿಯೂ ಕೆಲಸ ಮಾಡುತ್ತದೆ. ಅದನ್ನು ಸ್ಪ್ರಿಂಗ್ ಮುಂದಕ್ಕೆ ತಳ್ಳುತ್ತಿರುತ್ತದೆ, ಸಿಯರ್ ಎಂಬ ಕೊಕ್ಕೆ ಹಿಡಿದಿರುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ಬಿಡುತ್ತದೆ. ಸರಳಿನಿಂದ ಅದಕ್ಕೆ ಜೋಡಿಸಿದ ಮುಂದಿನ ಬೋಲ್ಟ್ ಉಂಡೆಯನ್ನು ಬ್ಯಾರಲ್‌ಗೆ ನೂಕುತ್ತದೆ, ಅದೇ ಹೊತ್ತಿಗೆ ಸುತ್ತಿಗೆ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಹೊರಬಿದ್ದ ಅನಿಲದಲ್ಲಿ ಒಂದು ಪಾಲು ಉಂಡೆಯನ್ನು ಹಾರಿಸುತ್ತದೆ, ಇನ್ನೊಂದು ಪಾಲು ಸುತ್ತಿಗೆಯನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸುತ್ತದೆ.

ಹೊಸಬರು ಎಡವುವುದು ಜೋಡಣೆಯ ಕ್ರಮದಲ್ಲಿ. ಮುಖಕ್ಕೆ ಪೇಂಟ್‌ಬಾಲ್‌ಗೆಂದೇ ಮಾಡಿದ ಮಾಸ್ಕ್ ಮೊದಲು ಬರಬೇಕು. ಸಾಮಾನ್ಯ ಕನ್ನಡಕ, ಹೆಲ್ಮೆಟ್ ಗಾಜು ಇಲ್ಲಿ ಲೆಕ್ಕಕ್ಕಿಲ್ಲ. ಬ್ಯಾರಲ್ ಬಾಯಿಗೆ ಬಟ್ಟೆಯ ಗವಸು ತೊಡಿಸಿ, ಸಿಲಿಂಡರ್ ಹತ್ತಿಸುವ ಮುನ್ನವೇ ಕಾಕಿಂಗ್ ಹಿಡಿಯನ್ನು ಹಿಂದೆಳೆದು ಸಿಯರ್‌ಗೆ ಸಿಕ್ಕಿಸಿ, ಸೇಫ್ಟಿ ಹಾಕಬೇಕು. ಹಾಗೆ ಮಾಡದಿದ್ದರೆ ಸುತ್ತಿಗೆ ವಾಲ್ವ್ ಮೇಲೆಯೇ ಒರಗಿರುತ್ತದೆ. ಸಿಲಿಂಡರ್ ತಿರುಗಿಸುತ್ತಿದ್ದಂತೆ ಬ್ಯಾರಲ್‌ನಿಂದ ಅನಿಲ ಸುಯ್ಯೆಂದು ಸೋರತೊಡಗುತ್ತದೆ. ಯಂತ್ರ ಕೆಟ್ಟಿದೆಯೆಂದು ಅನೇಕರು ಬಿಚ್ಚಲು ಕೂರುವುದು ಈ ಹಂತದಲ್ಲೇ. ಸದ್ದು ಸಿಲಿಂಡರ್ ಕತ್ತಿನಿಂದ ಬರುತ್ತಿದ್ದರೆ ಮಾತ್ರ ತುದಿಯ ಓ-ರಿಂಗ್ ಹರಿದಿದೆ ಎಂದರ್ಥ. ಅದು ಬೆರಳುಗುರಿನಷ್ಟು ಅಗಲದ ರಬ್ಬರ್ ಬಳೆ. ಜೇಬಿನಲ್ಲಿ ನಾಲ್ಕು ಬಿಡಿ ಇಟ್ಟುಕೊಂಡರೆ ಸಾಕು. ಹಾಪರ್‌ಗೆ ಉಂಡೆ ಸುರಿಯುವುದು ಎಲ್ಲಕ್ಕಿಂತ ಕೊನೆಗೆ.

ಮೈದಾನಕ್ಕಿಳಿಯುವ ಮುನ್ನ ವೇಗ ಅಳೆಯುವುದು ಕಡ್ಡಾಯ. ಸಾಮಾನ್ಯ ಮಿತಿ ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್. ಎಷ್ಟೋ ಮೈದಾನಗಳು ಇನ್ನೂ ಕಡಿಮೆ ಇಡುತ್ತವೆ. 0.68 ಇಂಚಿನ, 3 ಗ್ರಾಂ ತೂಕದ ಉಂಡೆ ಅದಕ್ಕಿಂತ ಜೋರಾಗಿ ಬಂದರೆ ಬಾಸುಂಡೆಯಲ್ಲಿ ಮುಗಿಯುವುದಿಲ್ಲ. ಟಿಪ್‌ಮನ್ 98ರಲ್ಲಿ ವೇಗದ ಸ್ಕ್ರೂವನ್ನು ಅಲೆನ್ ಕೀಯಿಂದ ಒಳಕ್ಕೆ ತಿರುಗಿಸಿದರೆ ವೇಗ ಇಳಿಯುತ್ತದೆ, ಹೊರಕ್ಕೆ ತಿರುಗಿಸಿದರೆ ಏರುತ್ತದೆ. ಕಾಲು ಸುತ್ತು ತಿರುಗಿಸಿ, ಕೆಲವು ಸಲ ಹಾರಿಸಿ, ವೇಗ ಅಳೆಯುವ ಕ್ರೋನೋಗ್ರಾಫ್ ನೋಡಿ ಮುಂದುವರಿಯುವುದೇ ಕ್ರಮ.

ಬೆಳಿಗ್ಗೆ ಅಳೆದದ್ದು ಮಧ್ಯಾಹ್ನಕ್ಕೂ ಅಷ್ಟೇ ಇರುತ್ತದೆಂದು ನಂಬುವಂತಿಲ್ಲ. ಸಿಲಿಂಡರ್‌ನಲ್ಲಿ ದ್ರವವಾಗಿರುವ ಇಂಗಾಲದ ಡೈಆಕ್ಸೈಡ್‌ನ ಒತ್ತಡ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಮಾರು 850 ಪಿಎಸ್‌ಐ. 0 ಡಿಗ್ರಿಗೆ ಅದು 500ರ ಹತ್ತಿರ ಕುಸಿಯುತ್ತದೆ, 30 ಡಿಗ್ರಿಗೆ 1000 ದಾಟುತ್ತದೆ. ಹಾಗಾಗಿ ಬಿಸಿಲೇರಿದಂತೆ ಮತ್ತೆ ಅಳೆಯಬೇಕು. ಒಂದೇ ಸಮನೆ ಹಾರಿಸಿದರೆ ಸಿಲಿಂಡರ್ ತಣ್ಣಗಾಗಿ ವೇಗ ಇಳಿಯುತ್ತದೆ. ತಲೆಕೆಳಗಾಗಿ ಹಿಡಿದರೆ ದ್ರವವೇ ಒಳನುಗ್ಗಿ ಓ-ರಿಂಗ್‌ಗಳನ್ನು ಹಾಳುಮಾಡುತ್ತದೆ. ರೆಗ್ಯುಲೇಟರ್ ಇರುವ ಸಂಕುಚಿತ ಗಾಳಿಯ ಸಿಲಿಂಡರ್‌ಗೆ ಈ ರಗಳೆ ಇಲ್ಲ. ಅದರೊಳಗೆ 3000 ಅಥವಾ 4500 ಪಿಎಸ್‌ಐ ಇದ್ದರೂ ಹೊರಗೆ ಬಿಡುವುದು 800ರ ಆಸುಪಾಸು. ಬೆಲೆ ಹೆಚ್ಚಾದರೂ ಕೊಳ್ಳುವುದಾದರೆ ಅದೇ ಮೇಲು.

ನಿರ್ವಹಣೆಯಲ್ಲಿ ಮುಖ್ಯವಾದದ್ದು ಎಣ್ಣೆ. ಸಿಲಿಂಡರ್ ಕೂರುವ ತೂತಿಗೆ ಮಾರ್ಕರ್ ಎಣ್ಣೆಯ ಮೂರು ನಾಲ್ಕು ಹನಿ ಬಿಟ್ಟು, ಉಂಡೆ ಹಾಕದೆ ಕೆಲವು ಸಲ ಹಾರಿಸಿದರೆ ಅನಿಲವೇ ಅದನ್ನು ಒಳಗೆಲ್ಲ ಹರಡುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳನ್ನು ಮಾತ್ರ ಹತ್ತಿರ ಸೇರಿಸಬಾರದು, ಸೀಲ್‌ಗಳು ಕೆಡುತ್ತವೆ. ಉಂಡೆ ಬ್ಯಾರಲ್‌ನಲ್ಲೇ ಒಡೆದರೆ ಮುಂದಿನವು ಅಡ್ಡಾದಿಡ್ಡಿ ಹಾರುತ್ತವೆ. ಸ್ಕ್ವೀಜಿ ಎಂಬ ಒರೆಸುವ ಸಾಧನವನ್ನು ಬ್ಯಾರಲ್ ಒಳಗೆ ಎಳೆದು ಒರೆಸಬೇಕು. ಬಣ್ಣ ನೀರಿನಲ್ಲಿ ಕರಗುವುದರಿಂದ ಬ್ಯಾರಲ್ ಬಿಚ್ಚಿ ಬಿಸಿನೀರಿನಲ್ಲಿ ತೊಳೆದು ಒಣಗಿಸಿದರೆ ಸಾಕು. ಟ್ರಿಗರ್ ಒಮ್ಮೆ ಒತ್ತಿದರೆ ತಾನೇ ತಾನಾಗಿ ಹಾರತೊಡಗಿದರೆ ಸಾಮಾನ್ಯವಾಗಿ ಸಿಲಿಂಡರ್ ಖಾಲಿಯಾಗುತ್ತಿರುತ್ತದೆ, ಇಲ್ಲವೇ ಹಿಂದಿನ ಬೋಲ್ಟ್‌ನ ಓ-ರಿಂಗ್ ಅಥವಾ ಸಿಯರ್ ಸವೆದಿರುತ್ತದೆ. ಪ್ರತಿ ಆಟದ ನಂತರ ಪೂರಾ ಬಿಚ್ಚುವ ಉತ್ಸಾಹ ಬೇಡ. ಸ್ಕ್ರೂಗಳ ಮರೆ ಸವೆಯುವುದು ಆ ಉತ್ಸಾಹದಿಂದಲೇ.

ಆಟ ಮುಗಿದ ಮೇಲೆ ಮೊದಲು ಹಾಪರ್ ತೆಗೆಯಬೇಕು. ಒಳಗುಳಿದ ಉಂಡೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಾರಿಸಿ, ಸಿಲಿಂಡರ್ ಬಿಚ್ಚಿ, ಉಳಿದ ಅನಿಲವನ್ನೂ ಹೊರಹಾಕಿ, ಸ್ಪ್ರಿಂಗ್ ಸಡಿಲಾಗಿರುವಂತೆ ಬೋಲ್ಟನ್ನು ಮುಂದಕ್ಕೆ ಬಿಟ್ಟು ಇಡಬೇಕು. ಮಾಸ್ಕ್ ತೆಗೆಯುವುದು ಇದೆಲ್ಲ ಮುಗಿದ ನಂತರ. ಜೆಲಟಿನ್ ತೇವ ಹೀರುವುದರಿಂದ ಮಳೆಗಾಲದಲ್ಲಿ ಉಂಡೆಗಳು ಉಬ್ಬಿ ಆಕಾರಗೆಡುತ್ತವೆ; ಬಿಗಿ ಮುಚ್ಚಳದ ಡಬ್ಬದಲ್ಲಿ, ತಂಪಾದ ಒಣಜಾಗದಲ್ಲಿಟ್ಟು ಆಗಾಗ ಡಬ್ಬ ಹೊರಳಿಸುತ್ತಿರಬೇಕು. ನೆಲಕ್ಕೆ ಬಿದ್ದವನ್ನು ಆರಿಸಿ ಮತ್ತೆ ಹಾಪರ್‌ಗೆ ಹಾಕಬಾರದು.