ಬೆಳ್ಳೂರು ಕ್ರಾಸಿನಿಂದ ಉಸಿರಿನ ದಾರಿಯಲ್ಲಿ

ಬೆಂಗಳೂರು–ಮಂಗಳೂರು ಹೆದ್ದಾರಿಯ ಬೆಳ್ಳೂರು ಕ್ರಾಸಿನಲ್ಲಿ ಇಳಿಯುವವರಲ್ಲಿ ಅನೇಕರು ಹೋಗುವುದು ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೆ. ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ, 1986ರಲ್ಲಿ, ಇಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಿಂದ ಕೆಮ್ಮು, ದಮ್ಮು ಎಂದು ಬರುವವರಲ್ಲಿ ಸೌದೆ ಒಲೆಯ ಮುಂದೆ ಆಯಸ್ಸು ಕಳೆದವರಿದ್ದಾರೆ, ಬೀಡಿ ಬಿಡಲಾಗದವರಿದ್ದಾರೆ. ಕಫ ಪರೀಕ್ಷೆ, ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್‌ಗಳಲ್ಲೂ ಕಾಯಿಲೆ ಪತ್ತೆಯಾಗದಿದ್ದರೆ ವೈದ್ಯರು ಬ್ರಾಂಕೋಸ್ಕೋಪಿ, ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿ ನೋಡುವ ಪರೀಕ್ಷೆ, ಮಾಡಬೇಕೆನ್ನುತ್ತಾರೆ. ಆಗ ಹಿರಿಯರ ಮೊದಲ ಪ್ರಶ್ನೆ: “ಪೈಪ್ ಬಿಟ್ರೆ ಉಸ್ರು ಕಟ್ಟಾಕಿಲ್ವಾ?”

ಕಟ್ಟುವುದಿಲ್ಲ. ಕೊಳವೆಯ ದಪ್ಪ ಸುಮಾರು ಅರ್ಧ ಸೆಂಟಿಮೀಟರ್. ದೊಡ್ಡವರ ಶ್ವಾಸನಾಳದ ಅಗಲ ಎರಡು ಸೆಂಟಿಮೀಟರಿನ ಆಸುಪಾಸು. ಪಕ್ಕದಲ್ಲೇ ಗಾಳಿ ಆಡುತ್ತಿರುತ್ತದೆ. ಬೆರಳಿಗೆ ಸಿಕ್ಕಿಸಿದ ಕ್ಲಿಪ್ ರಕ್ತದ ಆಮ್ಲಜನಕವನ್ನು ತೋರಿಸುತ್ತಲೇ ಇರುತ್ತದೆ.

ಹೊಟ್ಟೆ ಖಾಲಿ ಇರಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು. ಗಂಟಲಿಗೆ ಕಹಿಯಾದ ಲಿಗ್ನೊಕೇನ್ ಸಿಂಪಡಿಸಿ ಮರಗಟ್ಟಿಸುತ್ತಾರೆ, ಮಂಪರು ಬರುವ ಇಂಜೆಕ್ಷನ್ನನ್ನೂ ಕೊಡುವುದುಂಟು. ಕೊಳವೆ ಮೂಗಿನಿಂದಲೋ ಬಾಯಿಂದಲೋ ಇಳಿದು ಧ್ವನಿತಂತುಗಳನ್ನು ದಾಟುವಾಗ ಕೆಮ್ಮು ಉಕ್ಕುತ್ತದೆ. ಕಷ್ಟವೆನಿಸುವುದು ಆ ಗಳಿಗೆಯೇ. ಆಮೇಲೆ ಪರದೆಯ ಮೇಲೆ ನಸುಗೆಂಪು ಸುರಂಗ, ಒದ್ದೆಯಾಗಿ ಹೊಳೆಯುವ ಮೃದ್ವಸ್ಥಿಯ ಉಂಗುರಗಳು. ಹತ್ತು-ಹನ್ನೆರಡು ಸೆಂಟಿಮೀಟರ್ ಕೆಳಗೆ ದಾರಿ ಕವಲೊಡೆಯುತ್ತದೆ. ಕವಲಿನ ಏಣು ಚೂಪಾಗಿರಬೇಕು. ಅಗಲವಾಗಿದ್ದರೆ ಕೆಳಗೆ ಗಡ್ಡೆ ಊದಿರಬಹುದೆಂದು ವೈದ್ಯರು ಅನುಮಾನಿಸುತ್ತಾರೆ. ಅಲ್ಲಿಂದ ಮುಂದೆ ಉಪ್ಪುನೀರು ಬಿಟ್ಟು ಹೀರಿ ತೆಗೆದು ಕ್ಷಯಕ್ಕೋ ಕ್ಯಾನ್ಸರಿಗೋ ಪರೀಕ್ಷಿಸುತ್ತಾರೆ. ಬೇಕಾದರೆ ಅಕ್ಕಿಕಾಳಿಗಿಂತ ಚಿಕ್ಕ ಚೂರು ಚಿವುಟಿ ತೆಗೆಯುತ್ತಾರೆ.

ಈ ಪರೀಕ್ಷೆಯ ಕಥೆ ಶುರುವಾಗುವುದು ಹೀಗೆ: 1897ರಲ್ಲಿ ಜರ್ಮನಿಯ ಗುಸ್ಟಾವ್ ಕಿಲಿಯಾನ್ ರೈತರೊಬ್ಬರ ಶ್ವಾಸನಾಳದ ಕವಲಿನಲ್ಲಿ ಸಿಕ್ಕಿಕೊಂಡಿದ್ದ ಮೂಳೆಯನ್ನು ಗಟ್ಟಿ ಕೊಳವೆ ಹಾಕಿ ತೆಗೆದರು. ಬಾಗುವ ಕೊಳವೆ ಜಪಾನಿನ ಶಿಗೆತೊ ಇಕೆಡಾ ಅವರದು, 1960ರ ದಶಕದ್ದು.

ಪರೀಕ್ಷೆಯಾದ ಮೇಲೆ ಸುಮಾರು ಎರಡು ಗಂಟೆ, ಗಂಟಲಿನ ಮರಗಟ್ಟು ಬಿಡುವ ತನಕ, ನೀರೂ ಕುಡಿಯಬಾರದು. ಕಫದಲ್ಲಿ ರಕ್ತದ ಎಳೆ ಒಂದೆರಡು ದಿನ ಕಾಣಬಹುದು. ರಕ್ತ ಹೆಚ್ಚಾದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಮರಳಬೇಕು.

ಮನೆಯಲ್ಲಿ ಪುಟ್ಟ ಮಕ್ಕಳಿರುವವರಿಗೆ ಒಂದು ಮಾತು. ಕಡಲೆಕಾಯಿ ಬೀಜ ತಿನ್ನುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ ಸುಮ್ಮನಾದರೆ ಹೊಟ್ಟೆಗಿಳಿಯಿತೆಂದು ನಿಶ್ಚಿಂತರಾಗಬೇಡಿ; ಬೀಜ ಶ್ವಾಸನಾಳದಲ್ಲಿ ಸಿಕ್ಕಿರಬಹುದು, ಅದನ್ನು ತೆಗೆಯಲೂ ಬ್ರಾಂಕೋಸ್ಕೋಪಿಯೇ ಬೇಕಾಗಬಹುದು. ಅದು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಮಗುವನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಏನು ತಿನ್ನುತ್ತಿತ್ತು ಎಂಬುದನ್ನು ವೈದ್ಯರಿಗೆ ಹೇಳಿ.