ಓಲೆಗರಿಯ ಕಟ್ಟು ಮತ್ತು ಅದರ ಅವಯವಗಳ ದಾಖಲೆ

ವಸ್ತುಸಂಗ್ರಹಾಲಯದ ಗಣಕ ಸೂಚಿಯಲ್ಲಿ ಓಲೆಗರಿಯ ಕಟ್ಟನ್ನು ಒಂದು ವಸ್ತುವೆಂದು ಬರೆಯಬೇಕೋ, ಹಲವೆಂದೋ ಎಂಬ ಪ್ರಶ್ನೆ ಏಳುತ್ತದೆ. ಗರಿಗಳು, ಎರಡು ಹಲಗೆಗಳು, ದಾರ, ಸುತ್ತಿದ ವಸ್ತ್ರ ಇವೆಲ್ಲ ಕೂಡಿ ಒಂದು ಅವಯವಿ. ಅವಯವಿಗೆ ಮೂಲಸಂಖ್ಯೆಯನ್ನೂ ಅವಯವಗಳಿಗೆ ಅದರದೇ ಉಪಸಂಖ್ಯೆಗಳನ್ನೂ ಕೊಡುವುದು ಯುಕ್ತ. ಕಟ್ಟು 125 ಆದರೆ ಗರಿಗಳ ಸಮೂಹ 125.1, ಹಲಗೆಗಳು 125.2 ಮತ್ತು 125.3 ಆಗುವುವು. ಕಟ್ಟು ಎಲ್ಲಿಂದ, ಎಂದು ಬಂದಿತೆಂಬುದು ಮೂಲದಾಖಲೆಯಲ್ಲಿ ಒಮ್ಮೆ ಬಂದರೆ ಸಾಕು. ಅಳತೆ, ಸ್ಥಿತಿ, ಇರಿಸಿದ ಸ್ಥಳ ಇವು ಪ್ರತಿಯೊಂದು ಅವಯವಕ್ಕೂ ಬೇರೆಬೇರೆಯಾಗಿ ಬರಬೇಕು. ಚಿತ್ರಿತ ಹಲಗೆಯೊಂದು ಪ್ರದರ್ಶನಕ್ಕೆ ಹೋದರೆ, ಅದು ಯಾವ ಕಟ್ಟಿನದೆಂಬುದಕ್ಕೆ ಈ ಉಪಸಂಖ್ಯೆಯೇ ಸಾಕ್ಷಿ.

ಆದರೆ ಕೃತಿಯ ವಿಭಾಗವನ್ನು ವಸ್ತುವಿನ ವಿಭಾಗವೆಂದು ಎಣಿಸಬಾರದು. ಷಟ್ಖಂಡಾಗಮದ ಮೊದಲ ಐದು ಖಂಡಗಳಿಗೆ ವೀರಸೇನಾಚಾರ್ಯರ ಧವಲಾ ಟೀಕೆಯುಂಟು. ಆರನೆಯದಾದ ಮಹಾಬಂಧವು ಮೂಡಬಿದಿರೆಯಲ್ಲಿ ಪ್ರತ್ಯೇಕ ಪ್ರತಿಯಾಗಿಯೇ ಉಳಿದುಬಂದಿತು. ಇವು ಒಂದೇ ಆಗಮಕ್ಕೆ ಸೇರಿದರೂ ಮೂಲಸಂಖ್ಯೆಗಳು ಬೇರೆಯಾಗಿರತಕ್ಕದ್ದು. ಪರಸ್ಪರ ಉಲ್ಲೇಖದಿಂದ ಸಂಬಂಧವನ್ನು ಸೂಚಿಸಬೇಕು. ಇದಕ್ಕೆ ವಿಪರ್ಯಯವಾಗಿ, ಅದೇ ಮಹಾಬಂಧದ ಪ್ರತಿಯ ಮೊದಲ ಗರಿಗಳಲ್ಲಿ ಸತ್ಕರ್ಮಪಂಜಿಕೆಯಿದೆ. ಅಲ್ಲಿ ಕೃತಿಗಳು ಎರಡು, ವಸ್ತು ಒಂದು. ಇಂತಹ ಪ್ರತಿಗೆ ಒಂದೇ ಮೂಲಸಂಖ್ಯೆಯನ್ನಿತ್ತು, ಎರಡೂ ಕೃತಿಗಳ ಹೆಸರನ್ನು ಗರಿಗಳ ವ್ಯಾಪ್ತಿಯೊಡನೆ ಬರೆಯಬೇಕು.

ಲಿಪಿಕಾರನ ಪತ್ರಾಂಕಗಳನ್ನು ತಿದ್ದದೆ ಇದ್ದಂತೆಯೇ ದಾಖಲಿಸುವುದು ಅವಶ್ಯ. ದಾರ ಜೀರ್ಣವಾಗಿ ಗರಿಗಳು ಕೆದರಿದಾಗ ಅವನ್ನು ಮರಳಿ ಕ್ರಮಗೊಳಿಸಲು ಬೇರೆ ಆಧಾರ ದೊರೆಯುವುದು ವಿರಳ.